ಅಜ್ಜಿ ಊದಿ ಕೊಟ್ಟ ಕ್ಯಾಸೆಟ್

ನಮ್ಮ ಮನೆಯ ಟಿವಿ ಗೇಮಿನ ಪೆಟ್ಟಿಗೆಯ ಮೇಲೆ ಸಾವಿರ ಆಟ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಎಣಿಸಿ ನೋಡಿದರೆ ಏಳು. ಉಳಿದವೆಲ್ಲ ಅದೇ ಏಳು, ಬೇರೆ ಬೇರೆ ಹೆಸರಿನಲ್ಲಿ. ಇಸ್ತ್ರಿ ಪೆಟ್ಟಿಗೆ ತರುತ್ತೇನೆಂದು ಫಾರಿನ್ ಸಾಮಾನು ಮಾರುವ ಬರ್ಮಾ ಬಜಾರಿಗೆ ಹೋದ ಅಪ್ಪ ಇದನ್ನು ಹೊತ್ತುಕೊಂಡು ಬಂದಿದ್ದರು. ಅಮ್ಮ ಒಂದು ವಾರ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆ ವಾರವೆಲ್ಲ ಅಪ್ಪ ಸುಕ್ಕು ಶರಟು ಹಾಕಿಕೊಂಡೇ ರೈಲ್ವೆ ಆಫೀಸಿಗೆ ಹೋದರು. ನನಗೇನಂತೆ? ಹನ್ನೊಂದು ವರ್ಷದವಳು ನಾನು, ಸ್ವರ್ಗಕ್ಕೆ ಮೂರೇ ಗೇಣು.

ಪೆಟ್ಟಿಗೆಯ ಹೆಸರೂ ಕದ್ದದ್ದೇ. ಯಾವುದೋ ದೊಡ್ಡ ಕಂಪನಿಯ ಹೆಸರಿನಲ್ಲಿ ಒಂದಕ್ಷರ ತಿರುಚಿ ಅಂಟಿಸಿದ್ದರು. ಬಣ್ಣ, ಆಕಾರ, ಗುಂಡಿಗಳು, ಎಲ್ಲವೂ ಇನ್ನೊಂದರ ನಕಲು. ಇಂಥ ಪೆಟ್ಟಿಗೆಗೆ ತನ್ನದು ಅಂತ ಏನಿರುತ್ತದೆ ಎಂದು ಈಗ ನನ್ನ ಮಗ ನಗುತ್ತಾನೆ. ಅವನೂ ಅವನ ಗೆಳೆಯರೂ ಯಾವ ಕಂಪನಿಯ ಯಂತ್ರ ಮೇಲು, ಯಾವುದು ಕೀಳು ಎಂದು ಗಂಟೆಗಟ್ಟಲೆ ಕಚ್ಚಾಡುತ್ತಾರೆ; ಚಿತ್ರ ಚೆನ್ನಾಗಿದೆಯೋ, ವೇಗ ಜಾಸ್ತಿಯೋ ಎಂದು. ಅವನು ನಕ್ಕಾಗ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಇತ್ತು ಕಣೋ, ನಮ್ಮದಕ್ಕೂ ಬೇರೆ ಯಾವುದಕ್ಕೂ ಇಲ್ಲದ್ದು ಒಂದಿತ್ತು ಎಂದು ಅವನಿಗೆ ಹೇಳಿದ್ದೇನೆ. ನಮ್ಮದಕ್ಕೆ ಅಜ್ಜಿ ಇದ್ದಳು.

ಅಜ್ಜಿ ಅಂದರೆ ಅಪ್ಪನ ಅಮ್ಮ, ಮಂಡ್ಯ ಕಡೆಯವಳು. ಅಮ್ಮನಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ, ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರಿರಲಿ ಎಂದು ಅವಳನ್ನು ಕರೆಸಿಕೊಂಡಿದ್ದರು. ತಮಿಳು ಸೀಮೆಯ ದೊಡ್ಡ ಪಟ್ಟಣದಲ್ಲಿ, ಪುರಸೈವಾಕ್ಕಂ ಎಂಬ ಬಡಾವಣೆಯಲ್ಲಿ ನಮ್ಮದು ಮೊದಲನೇ ಮಹಡಿಯ ಮನೆ. ಕೆಳಗೆ ಬಟ್ಟೆ ಅಂಗಡಿಗಳ ಜನಜಾತ್ರೆ, ಮೇಲೆ ಕೆಳಗೆ ಹತ್ತು ಸಂಸಾರ. ಇಷ್ಟೊಂದು ಜನರ ನಡುವೆ ಅಜ್ಜಿಗೆ ಮಾತಾಡಲು ಒಬ್ಬರೂ ಇರಲಿಲ್ಲ. ಅವಳಿಗೆ ತಮಿಳು ಬರುತ್ತಿರಲಿಲ್ಲ. ಊರಿನಲ್ಲಿ ಹಾದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ನಿಲ್ಲಿಸಿ ಮಾತಾಡಿಸುತ್ತಿದ್ದ ಹೆಂಗಸು ಇಲ್ಲಿ ಬಾಲ್ಕನಿಯಲ್ಲಿ ಬಾಯಿ ಬಿಗಿದುಕೊಂಡು ಕೂರುತ್ತಿದ್ದಳು.

"ಸುಮ್ಕೆ ಕೂತು ಕೂತು ದವಡೆ ನೋಯ್ತದೆ ಕಣೆ," ಎಂದು ಅಮ್ಮನ ಹತ್ತಿರ ಹೇಳುತ್ತಿದ್ದಳು.

ನಾನಿದ್ದೆನಲ್ಲ ಎಂದು ಕೇಳಬಹುದು. ಇದ್ದೆ. ಅವಳು ಕನ್ನಡದಲ್ಲಿ ಕೇಳುತ್ತಿದ್ದಳು, ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ. ಸ್ಕೂಲು, ಬೀದಿ, ಜಗಳ ಎಲ್ಲ ತಮಿಳಿನಲ್ಲೇ ನಡೆಯುತ್ತಿದ್ದವು. ಕನ್ನಡ ನನಗೆ ಕಿವಿಯಲ್ಲಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಅಜ್ಜಿ ಅರ್ಧ ಊಹಿಸಿ, ಅರ್ಧ ಬಿಟ್ಟು ತಲೆಯಾಡಿಸುತ್ತಿದ್ದಳು.

ಒಂದು ಭಾನುವಾರ ಅವಳು ಅಪ್ಪನಿಗೆ ಹೇಳಿಯೇಬಿಟ್ಟಳು. "ದೀಪಾವಳಿ ಗಂಟ ನೋಡ್ತೀನಿ ಕಣಪ್ಪ. ಆಗ್ಲಿಲ್ಲ ಅಂದ್ರೆ ಮಂಡ್ಯಕ್ಕೆ, ನಿನ್ ತಂಗಿ ಮನೆಗೆ ಬಿಟ್ಬಿಡು. ಅಲ್ಲಿ ಬೈಯೋಕಾದ್ರೂ ಒಬ್ರು ಸಿಗ್ತಾರೆ."

ದಿನಾ ಬೆಳಿಗ್ಗೆ ನನ್ನ ತಲೆಯ ಸಿಕ್ಕು ನೋಯದ ಹಾಗೆ ಬಿಡಿಸುತ್ತಿದ್ದವಳು ಅವಳೊಬ್ಬಳೇ. ಅಜ್ಜಿ ಹೋಗುವುದು ನನಗೆ ಬೇಕಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳಲು ಬಿಗುಮಾನ.

ಆಗ ನಡುವೆ ಬಂದದ್ದು ಈ ಪೆಟ್ಟಿಗೆ. ಕ್ಯಾಸೆಟ್ ಹಾಕುವ ಗೇಮ್ ಆಡಿದವರಿಗೆ ಗೊತ್ತು: ಕ್ಯಾಸೆಟ್ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಪರದೆಯ ಮೇಲೆ ಬರೀ ಗೆರೆಗಳು ಕುಣಿಯುತ್ತವೆ. ತೆಗೆದು, ಅದರ ಬಾಯಿಗೆ ಊದಿ, ಮತ್ತೆ ಒತ್ತಬೇಕು. ಕಟ್ಟಡದ ಮಕ್ಕಳೆಲ್ಲ ನಮ್ಮ ಮನೆಯಲ್ಲಿ ಸೇರಿ ಸರದಿಯ ಮೇಲೆ ಊದುತ್ತಿದ್ದೆವು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿಗೆ ಒಂದು ಸಂಜೆ ತಡೆಯಲಾಗಲಿಲ್ಲ.

"ಥೂ, ಅದೇನ್ ಹಂಗೆ ಉಗುಳ್ತೀರ್ರೋ? ತತ್ತಾ ಇಲ್ಲಿ."

ನಲವತ್ತು ವರ್ಷ ಊದುಗೊಳವೆ ಹಿಡಿದು ಸೌದೆ ಒಲೆ ಊದಿದ ಬಾಯಿ ಅದು. ಕ್ಯಾಸೆಟ್ಟನ್ನು ತುಟಿಯ ಹತ್ತಿರ ಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಸಮನಾಗಿ, ಹನಿ ಎಂಜಲು ಬೀಳದಂತೆ ಊದಿದಳು. ಹಾಕಿದೆವು. ಸಂಗೀತ ಬಂತು, ಬೆಟ್ಟ ಬಂತು, ಬೆಟ್ಟ ಹತ್ತುವ ಕುಳ್ಳ ಬಂದ. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ಅಜ್ಜಿಯನ್ನು ನೋಡಿದರು.

ಮಾರನೇ ದಿನದಿಂದ ಊದುವ ಕೆಲಸ ಅವಳದ್ದೇ. ಎಲ್ಲರೂ ಕ್ಯಾಸೆಟ್ ಹಿಡಿದು "ಪಾಟಿ, ಊದುಂಗ" ಎಂದು ತಮಿಳಿನಲ್ಲಿ ದುಂಬಾಲು ಬೀಳುತ್ತಿದ್ದರು. ಮೂರು ದಿನ ಊದಿದ ಅಜ್ಜಿ ನಾಲ್ಕನೇ ದಿನ ಕ್ಯಾಸೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. "ಪಾಟಿ ಗೀಟಿ ನಂಗೊತ್ತಿಲ್ಲ. ಅಜ್ಜಿ, ಊದ್ಕೊಡಿ ಅನ್ನಬೇಕು. ಪೂರ್ತಿ ಅನ್ನಬೇಕು."

ಮೂರನೇ ಮಹಡಿಯ ಹುಡುಗಿ, ನನ್ನದೇ ಕ್ಲಾಸಿನವಳು, ಮೊದಲು ಹೇಳಿದಳು. ನಾಲಿಗೆ ಎಲ್ಲೆಲ್ಲೋ ತೊಡರಿತು. ಅಜ್ಜಿ ಎರಡು ಸಲ ತಿದ್ದಿದಳು, ಮೂರನೇ ಸಲಕ್ಕೆ ಮುಖ ಅರಳಿತು. "ಹೂಂ, ಈಗ ಸರಿ. ತಗೋ," ಎಂದು ಊದಿಕೊಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ. ಸರದಿ ಬೇಕಾದರೆ "ಈಗ ನನ್ ಸರದಿ" ಅನ್ನಬೇಕು. ಸತ್ತರೆ "ಸತ್ತೆ" ಅನ್ನಬೇಕು. ಅಜ್ಜಿ ನೆಲದ ಮೇಲೆ ಕಾಲು ಚಾಚಿ, ಸೊಪ್ಪು ಬಿಡಿಸುತ್ತ, ಆಟಕ್ಕೆ ತಾನೇ ಮಾತು ಸೇರಿಸುತ್ತಿದ್ದಳು. "ಹಾರೋ ಕುಳ್ಳ, ಹಾರು! ಇನ್ನೊಂದ್ ಜೀವ ಅದೆ, ಹೆದರ್ಬೇಡ. ಅಯ್ಯೋ, ಬಿದ್ದೇ ಹೋಯ್ತಲ್ಲೋ ಮುಂಡೇದು!" ಒಂದು ತಿಂಗಳಲ್ಲಿ ಎಲ್ಲರೂ ಹಾಗೇ ಕಿರುಚುತ್ತಿದ್ದರು. ದವಡೆ ನೋವಿನ ಸುದ್ದಿಯೇ ಇಲ್ಲ. ನಾನು ಮಾತ್ರ ಆ ಕಟ್ಟಳೆಗೆ ಒಳಪಟ್ಟಿರಲಿಲ್ಲ. ಮನೆಯವಳಲ್ಲವೇ, ಕ್ಯಾಸೆಟ್ಟನ್ನು ಸುಮ್ಮನೆ ಅವಳ ಮೂಗಿನ ಮುಂದೆ ಹಿಡಿದರೆ ಸಾಕಿತ್ತು.

ನವರಾತ್ರಿಗೆ ಮುಂಚೆ ಮೂರನೇ ಮಹಡಿಯ ಆ ಹುಡುಗಿಯ ಮನೆಗೆ ಸಿಂಗಪುರದಿಂದ ಅವಳ ಮಾವ ಬಂದರು. ಜೊತೆಗೆ ಸಿಡಿ ಹಾಕುವ ಹೊಸ ಗೇಮ್ ಬಂತು. ನೋಡಲು ನಾನೂ ಹೋಗಿದ್ದೆ. ಗುಂಡಿ ಒತ್ತಿದ ಕೂಡಲೇ ಎದೆಯೊಳಗೆ ಗುಂಯ್ ಎನ್ನುವ ಸದ್ದು. ಕಾರುಗಳಿಗೆ ನಿಜವಾದ ಕಾರಿನ ಹೊಳಪು, ಮನುಷ್ಯರಿಗೆ ಮೂಗು, ಬಾಯಿ, ನೆರಳು. ನಮ್ಮ ಕುಳ್ಳನಿಗೆ ಮುಖವೇ ಇರಲಿಲ್ಲ, ನಾಲ್ಕು ಚೌಕ ಅಷ್ಟೇ. ಒಂದೇ ದಿನದಲ್ಲಿ ನಮ್ಮ ಮನೆ ಖಾಲಿ.

ನಾನು ಬಿಡಲಿಲ್ಲ, ಮೆಟ್ಟಿಲ ಮೇಲೆ ಮಕ್ಕಳನ್ನು ಅಡ್ಡಗಟ್ಟಿ ವಾದ ಮಾಡಿದೆ. ನಮ್ಮದು ಅಜ್ಜಿ ಊದಿ ಹಾಕಿದ ಕೂಡಲೇ ಶುರುವಾಗುತ್ತದೆ, ಅವಳದ್ದು ಲೋಡ್ ಆಗುವಷ್ಟರಲ್ಲಿ ಇಡ್ಲಿ ಬೇಯಿಸಬಹುದು ಎಂದೆ. ಯಾರೂ ಕೇಳಲಿಲ್ಲ. "ಅಂದ ವೀಟ್ಲ ಊದವೇ ವೇಣಾಂ," ಎಂದಳು ಒಬ್ಬಳು. ಆ ಮನೆಯಲ್ಲಿ ಊದುವುದೇ ಬೇಕಿಲ್ಲವಂತೆ. ಬಂದು ಅಜ್ಜಿಗೆ ಅದನ್ನೇ ಹೇಳಿದೆ.

"ಹಂಗಾರೆ ಆ ಪೆಟ್ಟಿಗೆಗೆ ಯಾರೂ ಬ್ಯಾಡ್ವಾ?" ಎಂದಳು. ನಾಲ್ಕು ಗಂಟೆಗೆ ಮಕ್ಕಳು ಬರುವ ಹೊತ್ತಿಗೆ ಬಾಗಿಲು ತೆರೆದಿಟ್ಟು, ಆರಕ್ಕೆ ಮುಚ್ಚಿ, ಮತ್ತೆ ಬಾಲ್ಕನಿಯಲ್ಲಿ ಕೂರತೊಡಗಿದಳು.

ಆಯುಧಪೂಜೆಯ ದಿನ ಅಪ್ಪನ ಸ್ಕೂಟರು, ಅಮ್ಮನ ಈಳಿಗೆಮಣೆ, ನನ್ನ ಪುಸ್ತಕ ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ಅಜ್ಜಿ ಟಿವಿ ಗೇಮನ್ನೂ ಮಣೆಯ ಮೇಲೆ ಇಟ್ಟಳು. ಅದಕ್ಕೆ ಸ್ವಲ್ಪ ಹೆಚ್ಚೇ ಉಪಚಾರ. ಗಂಧ ಬಳಿದಳು, ನೀರು ಪ್ರೋಕ್ಷಿಸಿದಳು, ಕ್ಯಾಸೆಟ್ ಹಾಕುವ ಬಾಯೊಳಗೆ ಸೇವಂತಿಗೆ ಸಿಕ್ಕಿಸಿದಳು. ಮಕ್ಕಳು ವಾಪಸ್ ಬರಲಿ ಎಂದು ಮೂರು ಸಲ ಅಕ್ಷತೆ ಹಾಕಿದಳು. ನಾನು ಹುರಿಗಡಲೆ, ಪುರಿ ಮುಕ್ಕುತ್ತ ನೋಡುತ್ತಿದ್ದೆ. ತಡೆಯಬೇಕೆಂದು ನನಗಾದರೂ ಹೊಳೆಯಲಿಲ್ಲ.

ಮಾರನೇ ದಿನ ಗುಂಡಿ ಒತ್ತಿದರೆ ಪೆಟ್ಟಿಗೆ ಸತ್ತು ಕೂತಿದೆ. ದೀಪವಿಲ್ಲ, ಸದ್ದಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಮೂರನೇ ಮಹಡಿಯ ಮೇಲಿನ ಹೊಟ್ಟೆಕಿಚ್ಚು, ಗೆಳತಿಯರು ಬಿಟ್ಟುಹೋದ ಅವಮಾನ, ಎಲ್ಲ ಸೇರಿ ಅಜ್ಜಿಯ ಮೇಲೆ ಬಿತ್ತು.

"ನೀನು ಎಲ್ಲಾ ಹಾಳು ಮಾಡ್ದೆ. ನೀನು ಊರಿಗೇ ಹೋಗು!"

ಅವಳಿಗೆ ಚೆನ್ನಾಗಿ ನಾಟಲಿ ಎಂದು ಕನ್ನಡದಲ್ಲೇ ಹೇಳಿದ್ದೆ. ಆ ವರ್ಷ ನಾನು ಅಜ್ಜಿಯ ಜೊತೆ ಪೂರ್ತಿಯಾಗಿ ಆಡಿದ ಮೊದಲ ಕನ್ನಡ ಮಾತು ಅದು. ಅವಳು ತಿದ್ದಲಿಲ್ಲ. ಎದ್ದು ಒಳಗೆ ಹೋದಳು.

ಶನಿವಾರ ಅಪ್ಪ ಪೆಟ್ಟಿಗೆಯನ್ನೂ ನನ್ನನ್ನೂ ರೇಡಿಯೋ, ಟಿವಿ ರಿಪೇರಿ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಕರೆದೊಯ್ದರು. ರಿಪೇರಿಯವನು ತಿರುಪು ಬಿಚ್ಚಿ, ಒಳಗಿಂದ ಅಕ್ಕಿ ಕಾಳು, ಅರಿಶಿನ, ಒಣಗಿದ ಹೂವಿನ ಎಸಳು ಒಂದೊಂದಾಗಿ ಚಿಮಟದಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟ. "ಇದುಲ ಪೊಂಗಲ್ ವೆಚ್ಚೀಂಗಳಾ ಸಾರ್?" ಎಂದು ಕೇಳಿದ. ಇದರಲ್ಲಿ ಪೊಂಗಲ್ ಮಾಡಿದಿರಾ ಅಂತ! ಅಪ್ಪ ನಗು ತಡೆಯಲಾರದೆ ಬೀದಿಯ ಕಡೆ ತಿರುಗಿದರು. ಸ್ಪಿರಿಟ್ ಹಾಕಿ ಒರೆಸಿದ ಮೇಲೆ ದೀಪ ಹತ್ತಿತು.

ಅಷ್ಟಕ್ಕೆ ಬಿಡದೆ ಅವನು ಶೆಲ್ಫಿನಿಂದ ಒಂದು ಸಿಡಿ ಗೇಮ್ ಇಳಿಸಿದ. ಇದನ್ನು ಕೊಟ್ಟು ಅದನ್ನು ತೆಗೆದುಕೊಳ್ಳಿ, ಮೇಲೆ ಸ್ವಲ್ಪ ಹಾಕಿದರೆ ಸಾಕು ಎಂದ. ಅಪ್ಪ ನನ್ನ ಮುಖ ನೋಡಿ, "ನಿಂಗೆ ಬಿಟ್ಟಿದ್ದು," ಎಂದರು. ಆಸೆಯಾಗಲಿಲ್ಲ ಎಂದರೆ ಹಸಿ ಸುಳ್ಳಾದೀತು. ಬಾಯಲ್ಲಿ ನೀರೂರಿತು. ಅವನು ಮುಚ್ಚಳ ತೆರೆದು, ಸಿಡಿ ಇಟ್ಟು, ಮುಚ್ಚಿ ತೋರಿಸಿದ. ನಾನು ಆ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ಅಜ್ಜಿಗೆ ಮಾಡಲು ಏನೂ ಇರಲಿಲ್ಲ.

"ಬೇಡ," ಎಂದೆ. ಅಪ್ಪ ಹಳೆಯ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೊರಟರು.

ಮನೆಗೆ ಬಂದರೆ ಅಜ್ಜಿಯ ಟ್ರಂಕು ಅಟ್ಟದಿಂದ ಇಳಿದಿದೆ. ಸೀರೆಗಳು ಮಡಿಸಿ ಕೂತಿವೆ. "ದೀಪಾವಳಿಗೆ ಮಗಳ ಮನೇಲಿರ್ತೀನಿ ಕಣಪ್ಪ, ನಿನ್ ರೈಲ್ವೆ ಪಾಸು ತಗೊಂಬಾ," ಎಂದು ಅಪ್ಪನಿಗೆ ಹೇಳಿದಳು. ಪೆಟ್ಟಿಗೆ ಸರಿಹೋಯಿತು ಎಂದು ನಾನು ತೋರಿಸಿದರೆ, "ಒಳ್ಳೇದಾಯ್ತು, ಆಡ್ಕೋ ಹೋಗು," ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಭಾನುವಾರ ಕೋಡುಬಳೆ ಕರಿದಳು. ನವರಾತ್ರಿಯಲ್ಲಿ ಮೂರನೇ ಮಹಡಿಯವರು ಸುಂಡಲ್, ಅಂದರೆ ಕಡಲೆ ಉಸಲಿ, ಕೊಟ್ಟಿದ್ದ ಸ್ಟೀಲ್ ಡಬ್ಬ ನಮ್ಮಲ್ಲೇ ಉಳಿದಿತ್ತು. ಹೋಗುವ ಮುಂಚೆ ಯಾರ ಪಾತ್ರೆಯೂ ಉಳಿಯಬಾರದು, ಖಾಲಿ ಡಬ್ಬ ಹಿಂದಿರುಗಿಸಲೂಬಾರದು. "ಬಾ, ನನ್ ಪರವಾಗಿ ಆಯಮ್ಮನಿಗೆ ನಾಕ್ ಮಾತು ಹೇಳೀವಂತೆ," ಎಂದು ನನ್ನನ್ನೂ ಕರೆದುಕೊಂಡು ಮಂಡಿ ಹಿಡಿದು ಮಹಡಿ ಹತ್ತಿದಳು.

ಎರಡನೇ ಮಹಡಿ ದಾಟುತ್ತಿದ್ದಂತೆ ಮೇಲಿನಿಂದ ಗದ್ದಲ ಕೇಳಿತು.

"ಸತ್ತೆ! ಸತ್ತೆ! ಈಗ ನನ್ ಸರದಿ!"

"ಇಲ್ಲ, ಇನ್ನೊಂದ್ ಜೀವ ಅದೆ!"

"ಅಯ್ಯೋ, ಬಿದ್ದೇ ಹೋಯ್ತಲ್ಲೋ ಮುಂಡೇದು!"

ಅಜ್ಜಿ ಕಂಬಿ ಹಿಡಿದು ನಿಂತುಬಿಟ್ಟಳು. ಆ ಮನೆಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಬಾಗಿಲು ತೆರೆದ ಹೆಂಗಸು ಡಬ್ಬ ಇಸಿದುಕೊಂಡು, ನಗುತ್ತ, ನಿಮ್ಮಿಂದ ನಮ್ಮ ಮನೆಯಲ್ಲಿ ಆಟವೆಲ್ಲ ಈ ಭಾಷೆಯಲ್ಲೇ ನಡೆಯುತ್ತದೆ, ಆ ಮುಂಡೇದು ಅಂದರೆ ಏನಮ್ಮ ಎಂದು ನನ್ನನ್ನು ತಮಿಳಿನಲ್ಲಿ ಕೇಳಿದರು. ಪಾಪದ ಮಗು ಅಂತ ಅರ್ಥ ಎಂದೆ.

ಒಳಗೆ ಚಿತ್ರ ತಟಕ್ಕನೆ ನಿಂತುಹೋಯಿತು. ನನ್ನ ಕ್ಲಾಸಿನವಳು ಸಿಡಿ ತೆಗೆದು, ಕೆನ್ನೆ ಉಬ್ಬಿಸಿ ಊದಿದಳು. ಸಿಡಿಗೆ ಯಾರಾದರೂ ಊದುತ್ತಾರೆಯೇ? ಅವಳು ಊದಿದಳು. ಮತ್ತೆ ಹಾಕಿದರೂ ಆಗಲಿಲ್ಲ. ತಲೆಯೆತ್ತಿದಾಗ ಬಾಗಿಲಲ್ಲಿ ಅಜ್ಜಿ ಕಂಡಳು. ಎದ್ದು ಓಡಿಬಂದು ಸಿಡಿ ಚಾಚಿದಳು.

"ಅಜ್ಜಿ, ಊದ್ಕೊಡಿ."

ಅಜ್ಜಿ ಆ ಹೊಳೆಯುವ ತಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಎಲ್ಲಿ ಊದಬೇಕೆಂದು ಅವಳಿಗೂ ತಿಳಿಯಲಿಲ್ಲ. ಸುತ್ತಲೂ ಒಂದು ಸುತ್ತು ಊದಿ, ಸೆರಗಿನಿಂದ ಒರೆಸಿ ಕೊಟ್ಟಳು. ಆಟ ನಡೆಯಿತು. ಸೆರಗಿನ ಕೈಗುಣವೇ ಇರಬೇಕು, ಆದರೆ ಮಕ್ಕಳು ಕೂಗಿದ್ದು ಅಜ್ಜಿಯ ಉಸಿರಿಗೆ. ಅವರು ಅವಳನ್ನು ಎಳೆದುಕೊಂಡು ಹೋಗಿ ಸೋಫಾದ ಮೇಲೆ ಕೂರಿಸಿದರು. ಒಂದು ಗಂಟೆ ಆಟವೆಲ್ಲ ಅವಳ ಬಾಯಲ್ಲೇ ನಡೆಯಿತು.

ಇಳಿಯುವಾಗ ನಾನು ಮುಂದೆ, ಅವಳು ಹಿಂದೆ. ಎರಡನೇ ಮಹಡಿಯ ತಿರುವಿನಲ್ಲಿ ತಮಿಳಿನಲ್ಲಿ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಅಜ್ಜಿ, ಹೋಗ್ಬೇಡ."

"ಏನಂದೆ? ಪೂರ್ತಿ ಹೇಳು."

"ನೀನು ಮಂಡ್ಯಕ್ಕೆ ಹೋಗ್ಬೇಡ ಅಜ್ಜಿ. ನಮ್ಮನೇಲೇ ಇರು. ಅವತ್ತು ನಾನು ಹಾಗಂದಿದ್ದು ತಪ್ಪು." ಅಳು ಬಂದು ಕೊನೆಯ ಮಾತು ಅರ್ಧ ಮುರಿಯಿತು, ಆದರೂ ಹೇಳಿ ಮುಗಿಸಿದೆ.

ಅಜ್ಜಿ ಒಂದು ಮೆಟ್ಟಿಲು ಇಳಿದು ನನ್ನ ಜಡೆ ಹಿಡಿದು ಮೆಲ್ಲಗೆ ಎಳೆದಳು.

"ಹೂಂ, ಈಗ ಸರಿ."

ಸಂಜೆ ಅಪ್ಪ ಟ್ರಂಕನ್ನು ವಾಪಸ್ ಅಟ್ಟಕ್ಕೆ ಏರಿಸಿದರು. ಸ್ಟೂಲು ಅಲುಗದಂತೆ ಕೆಳಗೆ ಹಿಡಿದುಕೊಂಡಿದ್ದವಳು ನಾನು.