ಕದಿರಮ್ಮನ ಪಕ್ಕೆ, ಬೀರಕ್ಕನ ಹಿಮ್ಮಡಿ

ಹಿಂದೂಪುರದ ಹುಣಸೆ ಮಂಡಿಯಲ್ಲಿ ಕದಿರಮ್ಮನ ಬಾಯಿಂದ ಮೊದಲ ಮಾತು ಕೇಳಿದವರು ಯಾರೂ ಇಲ್ಲ. ಮೂಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ತೊಳೆ ಹುಣಸೆ ಎತ್ತಿ ಮೂಸಿ, ಮುಟ್ಟಬಾರದ್ದನ್ನು ಮುಟ್ಟಿದವಳಂತೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಸುಮ್ಮನಾಗುತ್ತಾಳೆ. ಆ ಸುಮ್ಮನಿರುವಿಕೆಯನ್ನು ತಡೆದುಕೊಂಡ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮಾರಲು ಬಂದವನು ತಾನಾಗಿಯೇ ಶುರುಮಾಡುತ್ತಾನೆ: ತಳದಲ್ಲಿ ಒಂಚೂರು ತೇವ ಇರಬಹುದಕ್ಕ, ಬೀಜ ಸ್ವಲ್ಪ ಉಳಿದಿರಬಹುದಕ್ಕ. ಕದಿರಮ್ಮ ಆಗ ಎರಡನೆಯ ಮಾತಾಡುತ್ತಾಳೆ. ಅಷ್ಟು ಹೊತ್ತಿಗೆ ವ್ಯಾಪಾರ ಮುಗಿದಿರುತ್ತದೆ.

ತನ್ನ ಮಾಲು ಮಾರುವಾಗ ಮಾತ್ರ ಅದರ ಕುಂದನ್ನು ಅವಳು ಬಾಯಿಬಿಟ್ಟವಳಲ್ಲ. "ಕೊಳ್ಳೋನಿಗೆ ದೇವ್ರು ಕಣ್ಣು ಕೊಟ್ಟಿಲ್ವಾ?" ಎನ್ನುವಳು. ಎರಡು ವರ್ಷದ ಹಿಂದೆ ಬಲ ಮೊಲೆಯಲ್ಲಿ ಗಂಟು ಕಂಡು, ಬೆಂಗಳೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆಸಿ, ತಲೆಗೂದಲು ಕಳೆದುಕೊಂಡು, ಮತ್ತೆ ಬೆಳೆಸಿಕೊಂಡು ಮಂಡಿಗೆ ಬಂದಾಗಲೂ ಅದೇ ಕತೆ. ಎಲ್ಲಿಗೆ ಹೋಗಿದ್ದೆ ಅಂದವರಿಗೆಲ್ಲ, "ಮಗಳ ಮನೇಲಿದ್ದೆ, ಬಿಡ್ಲಿಲ್ಲ ಅವ್ಳು" ಎಂದು ಹೇಳಿ ಮೂಟೆ ಮೂಸಲು ಕೂತಳು.

ಅಂಥ ಕದಿರಮ್ಮ ಈಗ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿರಿದಾದ ಹಲಗೆಯಂಥ ಮಂಚದ ಮೇಲೆ ಅಂಗಾತ ಮಲಗಿದ್ದಳು. ಸೊಂಟದ ನೋವು ಬಿಡದೆ ಕಾಡುತ್ತಿತ್ತು. ಹಿಂದೂಪುರದಲ್ಲಿ ತೆಗೆಸಿದ ಎಕ್ಸ್-ರೇಯಲ್ಲಿ ಏನೂ ಕಂಡಿರಲಿಲ್ಲ. ಆದರೂ ಮಗಳು ಶ್ರೀಲತಾ ಬಿಡದೆ ಬಸ್ಸು ಹತ್ತಿಸಿದ್ದಳು. ಬೆಳಿಗ್ಗೆ ತೋಳಿಗೆ ಒಂದು ಸೂಜಿ ಹಾಕಿ, ನೀರು ಕುಡಿಯುತ್ತಾ ಕೂತಿರಿ ಎಂದಿದ್ದರು. ಮಧ್ಯಾಹ್ನ ಒಳಗೆ ಕರೆದು ಮಲಗಿಸಿದ್ದರು. ಮುಖದ ಮೇಲೆ ಅಂಗೈ ಅಗಲದ ದೂರದಲ್ಲಿ ದೊಡ್ಡ ಚೌಕದ ಯಂತ್ರವೊಂದು ಆಮೆಯ ನಡಿಗೆಯಲ್ಲಿ ಕಾಲಿನ ಕಡೆಗೆ ಸರಿಯುತ್ತಿತ್ತು.

ಹುಡುಕುತ್ತಿದ್ದುದು ಒಂದನ್ನೇ. ಮೊಲೆಯ ಕಾಯಿಲೆ ಮೂಳೆಗೆ ಇಳಿದಿದೆಯೋ ಇಲ್ಲವೋ. ಇಳಿದಿದ್ದರೆ ಅದನ್ನು ಪೂರ್ತಿ ಕಿತ್ತುಹಾಕುವ ಮಾತು ಮುಗಿದಂತೆ, ಇನ್ನು ಹತೋಟಿಯಲ್ಲಿಡುವ ಮಾತಷ್ಟೇ. ಇದನ್ನು ಶ್ರೀಲತಾ ಫೋನಿನಲ್ಲಿ ಓದಿಕೊಂಡಿದ್ದಳು. ಕದಿರಮ್ಮ ಶ್ರೀಲತಾಳ ಮುಖದಲ್ಲಿ ಓದಿಕೊಂಡಿದ್ದಳು.

ಚಿತ್ರ ತೆಗೆಯುವವನು ಗಾಜಿನಾಚೆ ಕೂತಿದ್ದ. ಅವಳು ಕೊರಳು ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸಿ ಅವನ ಮುಖಕ್ಕೆ ದರ ಕಟ್ಟುತ್ತಿದ್ದಳು. ಮೊದಮೊದಲು ಆಕಳಿಸುತ್ತಿದ್ದ. ಅದು ಒಳ್ಳೆಯ ಲಕ್ಷಣ. ಆಮೇಲೆ ಆಕಳಿಕೆ ನಿಂತಿತು. ಪರದೆಗೆ ಹತ್ತಿರ ಬಾಗಿದ. ಎದ್ದು ಒಳಗೆ ಬಂದ.

"ಅಮ್ಮಾ, ಪಕ್ಕೆದು ಇನ್ನೊಂದ್ ತೆಗೀಬೇಕು. ಎಡಗೈ ತಲೆ ಮೇಲಕ್ಕೆ ಎತ್ತಿ."

"ಎಲ್ಲಾರ್ಗೂ ಎರಡು ಸಲ ತೆಗೀತೀರೇನಪ್ಪ?"

"ಡಾಕ್ಟರ್ ಹೇಳ್ತಾರಮ್ಮ."

ಎಲ್ಲರಿಗೂ ತೆಗೆಯುವುದಿಲ್ಲ ಎಂದು ಕದಿರಮ್ಮ ಅರ್ಥಮಾಡಿಕೊಂಡಳು. ಎಡಗೈ ಎತ್ತುವಾಗ ಪಕ್ಕೆ ಚುಳ್ಳೆಂದಿತು. ಹಲ್ಲು ಕಚ್ಚಿದಳೇ ಹೊರತು ನೋವು ಎಂದು ಹೇಳಲಿಲ್ಲ. ಹೇಳಿದರೆ ಏಕೆ ನೋವು ಎಂದು ಕೇಳುತ್ತಾರೆ. ಏಕೆಂದು ಹೇಳಲು ಹೊರಟರೆ ಕಲ್ಯಾಣದುರ್ಗದವರೆಗೆ ಹೋಗಬೇಕಾಗುತ್ತದೆ.

ಕಲ್ಯಾಣದುರ್ಗದಲ್ಲಿ ಬೀರಕ್ಕ ಇದ್ದಾಳೆ. ಸೆಟ್ಟೂರಿನ ಸುತ್ತಿನ ಹಳ್ಳಿಗಳ ಹುಣಸೆಯನ್ನು ಒಟ್ಟುಮಾಡಿ ಕದಿರಮ್ಮನಿಗೆ ಕಳಿಸುವವಳು. ಮೂಟೆ ತಳ ನೆನೆದಿದ್ದರೆ ಕೇಳುವ ಮೊದಲೇ ಹೇಳಿಬಿಡುತ್ತಾಳೆ. ವ್ಯಾಪಾರಕ್ಕೆ ಲಾಯಕ್ಕಿಲ್ಲದ ಹೆಂಗಸು ಎಂದು ಕದಿರಮ್ಮ ನಗುತ್ತಾಳೆ, ಮಾಲನ್ನು ಮಾತ್ರ ಅವಳೊಬ್ಬಳಿಂದಲೇ ಬಿಚ್ಚಿ ನೋಡದೆ ಇಳಿಸಿಕೊಳ್ಳುತ್ತಾಳೆ. ಬೀರಕ್ಕ ತಾಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ತಾಗಿದರೆ ಉಳುಕು ಬಿಡುತ್ತದೆಂದು ಆ ಸೀಮೆಯ ನಂಬಿಕೆ. ಭಾನುವಾರ ಬೆಳಿಗ್ಗೆ ಅವಳ ಹೊಸ್ತಿಲ ಮುಂದೆ ನಾಕಾರು ಜನ ಸೊಂಟ ಹಿಡಿದುಕೊಂಡು ಕಾಯುತ್ತಿರುತ್ತಾರೆ, ಅದರಲ್ಲೊಬ್ಬ ಮೇಷ್ಟ್ರೂ ಇರುತ್ತಾನೆ.

ಸೊಂಟ ನೋವಾದರೆ ತಿಕ್ಕಿಸಬೇಡಿ, ಒದೆಸಬೇಡಿ, ನೇರ ನನ್ನ ಹತ್ತಿರ ಬನ್ನಿ ಎಂದು ಮೊಲೆಯ ಚಿಕಿತ್ಸೆ ಮಾಡಿದ ಡಾಕ್ಟರ್ ಅಮೃತಾ ಎರಡು ವರ್ಷದ ಹಿಂದೆಯೇ ಹೇಳಿದ್ದರು. ಕದಿರಮ್ಮ ತಲೆಯಾಡಿಸಿದ್ದಳು. ಹೋದ ತಿಂಗಳು ಲೋಡು ನೋಡಿಬರುತ್ತೇನೆಂದು ಮಗಳಿಗೆ ಹೇಳಿ ಬಸ್ಸು ಹತ್ತಿ, ಬೀರಕ್ಕನ ಹೊಸ್ತಿಲಲ್ಲಿ ಬೋರಲು ಮಲಗಿದಳು. ಆಪರೇಷನ್ನಿನ ಗುಟ್ಟು ವ್ಯಾಪಾರದವರಲ್ಲಿ ಗೊತ್ತಿದ್ದುದು ಬೀರಕ್ಕನೊಬ್ಬಳಿಗೇ.

"ಆಪರೇಸನ್ ಆದ ಮೈ ಕಣಕ್ಕ, ನಂಗೆ ಯಾಕೋ ದಿಗಿಲು."

"ಆಪರೇಸನ್ ಮುಂದ್ಗಡೆ, ನೋವು ಹಿಂದ್ಗಡೆ. ಏಂ ಕಾದು ಲೇ, ಏನೂ ಆಗಕಿಲ್ಲ, ಒದಿ."

ಒದೆ ಎನ್ನುವುದು ಹೆಸರಿಗೆ. ಎಣ್ಣೆ ಸವರಿದ ಬೆನ್ನಿಗೆ ಎಡ ಹಿಮ್ಮಡಿಯನ್ನು ಮೂರು ಸಲ ತಾಗಿಸುವುದಷ್ಟೇ. ಮೂರನೆಯದಕ್ಕೆ ಕದಿರಮ್ಮ ಯಾರದೋ ಮೂಟೆ ತೂಕಕ್ಕೆ ಇಡುವುದನ್ನು ನೋಡಲು ಪಕ್ಕಕ್ಕೆ ಹೊರಳಿದಳು. ಹಿಮ್ಮಡಿ ಎಣ್ಣೆಯಲ್ಲಿ ಜಾರಿ, ಬೀರಕ್ಕನ ಇಡೀ ಭಾರ ಎಡ ಪಕ್ಕೆಯ ಮೇಲೆ ಬಿತ್ತು. ಟಕ್ ಎಂದಿತು.

"ಬಿಟ್ಕಂತು ಕಣೇ ಉಳುಕು!" ಎಂದಳು ಕದಿರಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. ಅವತ್ತಿನಿಂದ ಪಕ್ಕೆ ಹಿಡಿದುಕೊಂಡಿತು. ಸೊಂಟದ ಉಳುಕು ಮೇಲಕ್ಕೆ ಹತ್ತಿದೆ, ಇನ್ನು ಹೆಗಲಿಗೆ ಬಂದು ಹಾರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒದೆಸಿಕೊಂಡವರು ಅಮಾವಾಸ್ಯೆ ಕಳೆಯುವ ತನಕ ಒದ್ದವರ ಜತೆ ಮಾತಾಡಬಾರದು. ಹಾಗಾಗಿ ಬೀರಕ್ಕನನ್ನು ಕೇಳುವಂತೆಯೂ ಇರಲಿಲ್ಲ.

ಚಿತ್ರ ತೆಗೆದು ಮುಗಿದ ಮೇಲೆ ಡಾಕ್ಟರ್ ಅಮೃತಾ ಪರದೆಯನ್ನು ಅಮ್ಮ, ಮಗಳ ಕಡೆ ತಿರುಗಿಸಿದರು. ಪೆನ್ಸಿಲಿನಲ್ಲಿ ತೀಡಿದ ಹಾಗೆ ಒಂದು ಬೂದುಬಣ್ಣದ ಎಲುಬುಗೂಡು. ಎಡ ಪಕ್ಕೆಯಲ್ಲಿ ಮೂರು ಕಪ್ಪು ಚುಕ್ಕೆ, ಒಂದರ ಕೆಳಗೊಂದು. ಸೊಂಟದ ಹತ್ತಿರ ಮಂಕಾದ ಇನ್ನೊಂದು.

"ಮೂಳೆ ಎಲ್ಲಿ ರಿಪೇರಿ ಕೆಲಸ ಮಾಡ್ಕೊಳ್ತಾ ಇರುತ್ತೋ ಅಲ್ಲಿಗೆ ಬೆಳಿಗ್ಗೆ ಕೊಟ್ಟ ಔಷಧಿ ಹೋಗಿ ಕೂರುತ್ತೆ. ಕಪ್ಪಾಗಿ ಕಾಣುತ್ತೆ. ಯಾಕೆ ರಿಪೇರಿ ಅಂತ ಈ ಚಿತ್ರ ಹೇಳೋದಿಲ್ಲ. ಕಾಯಿಲೆಗೂ ಕಪ್ಪು, ಪೆಟ್ಟಿಗೂ ಕಪ್ಪು."

"ಎಕ್ಸ್-ರೇಲಿ ಏನೂ ಇರ್ಲಿಲ್ವಲ್ಲ ಮೇಡಂ?" ಎಂದಳು ಶ್ರೀಲತಾ.

"ಎಕ್ಸ್-ರೇಗೆ ಕಾಣ್ಬೇಕಾದ್ರೆ ಮೂಳೆ ಬಹಳ ಸವೆದಿರ್ಬೇಕಮ್ಮ. ಇದು ಮೊದ್ಲೇ ಹಿಡಿಯುತ್ತೆ." ಡಾಕ್ಟರ್ ಕದಿರಮ್ಮನ ಕಡೆ ನೋಡಿದರು. "ಪಕ್ಕೆ ಮೇಲೆ ಎಲ್ಲಾದ್ರೂ ಬಿದ್ರಾ?"

"ಇಲ್ಲ."

"ಪೆಟ್ಟು ಬಿತ್ತಾ? ಮೂಟೆ ಗೀಟೆ?"

"ಇಲ್ಲ ಮೇಡಂ."

ಡಾಕ್ಟರ್ ಮತ್ತೆ ಕೇಳಲಿಲ್ಲ. ಕೈ ಕಟ್ಟಿ ಸುಮ್ಮನೆ ಕೂತರು. ತನ್ನದೇ ವರಸೆಯನ್ನು ಇನ್ನೊಬ್ಬರು ತನ್ನ ಮೇಲೆಯೇ ಹಾಕುವುದನ್ನು ಕದಿರಮ್ಮ ಮೊದಲ ಸಲ ಕಂಡಳು. ಅದರಲ್ಲಿ ಅವಳನ್ನು ಸೋಲಿಸುವವರುಂಟೇ? ಅವಳೂ ಸುಮ್ಮನೆ ಕೂತಳು. ಕೊನೆಗೆ ಡಾಕ್ಟರೇ ಸೋತರು.

"ಹಾಗಾದ್ರೆ ಕಾಯಿಲೆ ಅಂತಲೇ ಹಿಡ್ಕೊಂಡು ಮುಂದೆ ಹೋಗ್ಬೇಕು. ಪಕ್ಕೆಗೆ ಸೂಜಿ ಹಾಕಿ ಚೂರು ತೆಗೆದು ನೋಡಣ. ಔಷಧಿ ಬದಲಾಯಿಸ್ಬೇಕಾಗ್ಬಹುದು."

ಹೊರಗೆ ಬೆಂಚಿನ ಮೇಲೆ ಶ್ರೀಲತಾ ಗೋಡೆಗೆ ಮುಖ ಮಾಡಿ ಕೂತಳು. ಬೆನ್ನು ಅಲುಗುತ್ತಿತ್ತು, ಸದ್ದಿರಲಿಲ್ಲ. ಕದಿರಮ್ಮನಿಗೆ ಆ ಬೆನ್ನನ್ನು ಸವರಬೇಕೆನಿಸಿತು. ಸವರಿದರೆ ಮಾತು ಹೊರಬೀಳುತ್ತದೆಂದು ಕೈ ಮಡಿಲಲ್ಲೇ ಇಟ್ಟುಕೊಂಡಳು.

ಬಾಯಿಬಿಡದಿದ್ದುದು ನಾಚಿಕೆಗಷ್ಟೇ ಅಲ್ಲ. ಆ ಟಕ್ ಎಂಬ ಸದ್ದು ಅವಳ ಬಳಿ ಉಳಿದಿದ್ದ ಒಂದೇ ಆಸೆ. ಅದನ್ನು ಈಗ ಮೇಜಿನ ಮೇಲಿಟ್ಟು, ಡಾಕ್ಟರು ನೋಡಿ, ಇದರಿಂದಲ್ಲ ಎಂದುಬಿಟ್ಟರೆ? ಇಡದೆ ಮುಚ್ಚಿಟ್ಟುಕೊಂಡರೆ ಮನಸ್ಸಿನೊಳಗಾದರೂ ಅದು ಪಕ್ಕೆಯ ಏಟಾಗಿಯೇ ಇರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಹಾಗೆ ಮುಚ್ಚಿಟ್ಟ ಮಾಲು ಕೊಳೆಯುತ್ತದೆಂಬುದು ಹುಣಸೆ ವ್ಯಾಪಾರದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫೋನು ಬಡಿದುಕೊಂಡಿತು. ಬೀರಕ್ಕ. ಅಮಾವಾಸ್ಯೆ ಹಿಂದಿನ ದಿನವಷ್ಟೇ ಕಳೆದಿತ್ತು.

"ಕದಿರಕ್ಕ, ಹೆಂಗಿದ್ದೀಯ?"

ಕದಿರಮ್ಮ ಮಾತಾಡಲಿಲ್ಲ. ಈ ಸಲ ವರಸೆಯಲ್ಲ, ಕಣ್ಣು ಶ್ರೀಲತಾಳ ಬೆನ್ನಿನ ಮೇಲಿತ್ತು. ಆದರೆ ಆ ಸುಮ್ಮನಿರುವಿಕೆ ತನ್ನ ಹಳೆಯ ಕೆಲಸ ಮಾಡಿತು.

"ಅಕ್ಕ, ನನ್ನ ಮೇಲೆ ಕ್ವಾಪ ಮಾಡ್ಕಂಡಿದ್ದೀಯ ಅಂತ ಗೊತ್ತು. ಅವತ್ತು ಉಳುಕು ಬಿಟ್ಟಿದ್ದಲ್ಲ ಕಣಕ್ಕ. ಹಿಮ್ಮಡಿ ಜಾರಿ ಪಕ್ಕೆ ಮ್ಯಾಲೆ ಬಂದ್ಬುಟ್ಟೆ. ಒಳಗೆ ಮುರಿದಂಗೆ ನನ್ನ ಕಾಲಿಗೆ ಗೊತ್ತಾಯ್ತು. ಅವತ್ತಿಂದ ಯಾರ್ಗೂ ಒದ್ದಿಲ್ಲ ನಾನು. ಡಾಕ್ಟ್ರಿಗೆ ತೋರ್ಸು, ನನ್ನ ಹೆಸ್ರೇ ಹೇಳು, ಬೇಕಾದ್ರೆ ನಾನೇ ಬತ್ತೀನಿ. ಅಕ್ಕ? ಇದ್ದೀಯಾ?"

ಮೂಟೆಯ ತಳ ನೆನೆದಿದೆ ಎಂದು ಕೇಳುವ ಮೊದಲೇ ಹೇಳುವ ಹೆಂಗಸು. ವ್ಯಾಪಾರಕ್ಕೆ ಲಾಯಕ್ಕಿಲ್ಲದವಳು.

"ಇದ್ದೀನಿ ಕಣೇ," ಎಂದು ಕದಿರಮ್ಮ ಎದ್ದಳು. ಶ್ರೀಲತಾ ತಿರುಗುವಷ್ಟರಲ್ಲಿ ಬಾಗಿಲು ತಳ್ಳಿ ಒಳಗೆ ಹೋಗಿದ್ದಳು. ಡಾಕ್ಟರ್ ಅಮೃತಾ ತಲೆ ಎತ್ತಿದರು. ಯಾರೂ ಕೇಳದೆ ಕದಿರಮ್ಮ ಮೊದಲ ಮಾತಾಡಿದಳು.

"ಒದೆಸ್ಕೊಂಡೆ ಮೇಡಂ. ಕಾಲು ಜಾರಿ ಪಕ್ಕೆಗೆ ಬಿತ್ತು. ಟಕ್ ಅಂತು. ಬ್ಯಾಡ ಅಂತ ನೀವು ಹೇಳಿದ್ರಿ. ಹೋಗ್ಬುಟ್ಟೆ."

ಬೈಗುಳಕ್ಕೆ ಮೈ ಹಿಡಿ ಮಾಡಿಕೊಂಡು ನಿಂತಳು. ಡಾಕ್ಟರ್ ಪರದೆಯ ಕಡೆ ತಿರುಗಿ ಆ ಮೂರು ಚುಕ್ಕೆಗಳ ಮೇಲೆ ಬೆರಳನ್ನು ಮೇಲಿಂದ ಕೆಳಕ್ಕೆ ಎಳೆದರು.

"ಅದಕ್ಕೇ ಎರಡೆರಡು ಸಲ ಕೇಳಿದ್ದು. ಕಾಯಿಲೆ ಹೀಗೆ ಗೆರೆ ಎಳೆದ ಹಾಗೆ ಸಾಲಾಗಿ ಕೂರೋದು ಅಪರೂಪ. ಸಿ.ಟಿ. ತೆಗೆದ್ರೆ ಮುರಿದ ಗೆರೆ ಕಾಣುತ್ತೆ. ಸೂಜಿ ಸದ್ಯಕ್ಕೆ ಬೇಡ."

ಸಿ.ಟಿ. ಬೇಗನೆ ಮುಗಿಯಿತು. ಮೂರು ಪಕ್ಕೆಲುಬಿನಲ್ಲೂ ಕೂದಲೆಳೆಯಷ್ಟು ಬಿರುಕು, ಸುತ್ತ ಹೊಸ ಮೂಳೆಯ ಗಂಟು. ಆಪರೇಷನ್ ಆದಾಗಿನಿಂದ ಅವಳು ನುಂಗುತ್ತಿದ್ದ ಮಾತ್ರೆ ಕಾಯಿಲೆಯನ್ನು ದೂರ ಇಡುತ್ತದೆ, ಆದರೆ ಮೂಳೆಯನ್ನು ತೆಳ್ಳಗೆ ಮಾಡುತ್ತದೆ. ಬೀರಕ್ಕನ ಭಾರಕ್ಕೆ ಅಂಥ ಮೂಳೆ ತಡೆದಿರಲಿಲ್ಲ.

ಶ್ರೀಲತಾ ಅಮ್ಮನ ಕೈ ಹಿಡಿದುಕೊಂಡಳು. ಡಾಕ್ಟರ್ ಮಾತ್ರ ನಗಲಿಲ್ಲ.

"ಪಕ್ಕೆದು ಗೊತ್ತಾಯ್ತು. ಸೊಂಟದ್ದು ಬಾಕಿ ಇದೆ. ನೋವು ಒದೆಸ್ಕೊಳ್ಳೋಕೆ ಮೊದ್ಲೇ ಇತ್ತಲ್ವಾ?"

ಇತ್ತು. ಅದಕ್ಕೇ ಒದೆಸಿಕೊಂಡಿದ್ದು. ಆ ಮಂಕು ಚುಕ್ಕೆಯನ್ನು ಬೀರಕ್ಕನ ತಲೆಗೆ ಕಟ್ಟುವಂತಿರಲಿಲ್ಲ. ಮೂಳೆಯ ಒಳಗಿನ ಮಜ್ಜೆಯನ್ನು ನೋಡಲು ಎಂ.ಆರ್.ಐ. ಬೇಕೆಂದರು. ಕಾಯಿಲೆ ಮೊದಲು ಮನೆ ಮಾಡುವುದು ಅಲ್ಲಿಯಂತೆ.

ಮರುದಿನ ಬೆಳಿಗ್ಗೆ ಕೊಳವೆಯೊಳಗೆ ಮಲಗಿಸಿ ಕಿವಿ ಮುಚ್ಚಿದರು. ಆದರೂ ಸದ್ದು ತಲೆಯೊಳಗೆ ಇಳಿಯಿತು. ಕಣ್ಣು ಮುಚ್ಚಿದರೆ ಮಂಡಿಯ ಹಿಂದಿನ ಓಣಿ: ಸಾಲಾಗಿ ಕೂತ ಹೆಂಗಸರು ಸುತ್ತಿಗೆಯಿಂದ ಹುಣಸೆ ಜಜ್ಜಿ ಬೀಜ ಬಿಡಿಸುತ್ತಿದ್ದಾರೆ, ಟಕ ಟಕ ಟಕ. ವಯಸ್ಸಿನಲ್ಲಿ ಆ ಸಾಲಿನಲ್ಲಿ ಕದಿರಮ್ಮನೂ ಕೂತಿದ್ದಳು, ಸೊಂಟ ಬಗ್ಗಿಸಿ, ಬೆಳಗಿಂದ ಬೈಗಿನವರೆಗೆ. ಈ ಸಲ ನೋಡಿ ದರ ಕಟ್ಟಲು ಯಾರ ಮುಖವೂ ಕಾಣುತ್ತಿರಲಿಲ್ಲ. ಅವಳು ಅಲುಗದೆ ಮಲಗಿದಳು. ಅಲುಗಿದ್ದರ ಫಲ ಒಮ್ಮೆ ಕಂಡಿದ್ದಳು.

ಡಾಕ್ಟರ್ ಅಮೃತಾ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಹಿಂದಕ್ಕೆ ಹೋದರು. ಮತ್ತೆ ಮುಂದಕ್ಕೆ ಬಂದರು.

"ಮಜ್ಜೆ ಚೆನ್ನಾಗಿದೆ. ಕಾಯಿಲೆ ಇಲ್ಲಿಗೆ ಬಂದಿಲ್ಲ. ಕೀಲು ಸವೆದಿದೆ. ಕೂತು ಕೂತು ಸವೆಸಿದ್ದೀರಿ."

ಶ್ರೀಲತಾ ಈಗ ಸದ್ದುಮಾಡಿ ಅತ್ತಳು.

"ಇದೇ ಜಾಗದಲ್ಲಿ ಕಾಯಿಲೆ ಇದ್ದು, ಅದರ ಮೇಲೆ ಆ ಹಿಮ್ಮಡಿ ಬಿದ್ದಿದ್ರೆ," ಎಂದರು ಡಾಕ್ಟರ್, "ನೀವು ಇವತ್ತು ನಡ್ಕೊಂಡು ಬರ್ತಿರ್ಲಿಲ್ಲ. ಮೂಳೆ ಗಟ್ಟಿಯಾಗೋಕೆ ಇಂಜೆಕ್ಷನ್ ಶುರುಮಾಡ್ತೀನಿ. ಆರು ತಿಂಗಳಿಗೆ ಮತ್ತೆ ಬನ್ನಿ. ಏನಾದ್ರೂ ಮುಚ್ಚಿಟ್ಟಿದ್ರೆ ಬರೋಕೆ ಮೊದ್ಲೇ ಹೇಳ್ಬಿಡಿ."

ಹಿಂದೂಪುರದ ಬಸ್ಸಿನಲ್ಲಿ, ಚಿಲಮತ್ತೂರು ದಾಟಿದ ಮೇಲೆ ಕದಿರಮ್ಮ ಕಲ್ಯಾಣದುರ್ಗಕ್ಕೆ ಫೋನು ಹಚ್ಚಿದಳು.

"ಮೂರು ಪಕ್ಕೆ ಮುರಿದಿದ್ದೀಯ ಕಣೇ. ಫೋಟೋ ಐತೆ ನನ್ನತ್ರ."

"ಅಯ್ಯೋ ಅಕ್ಕ! ಕಾಯಿಲೆ?"

"ಅದು ಇಲ್ವಂತೆ. ನಿನ್ನ ಕಾಲು ಬಿಟ್ರೆ ಬೇರೆ ಏನೂ ಬಂದಿಲ್ವಂತೆ ನನ್ನ ಮೂಳೆಗೆ."

ಆ ಕಡೆಯಿಂದ ಮೂಗೆಳೆಯುವ ಸದ್ದು ಮಾತ್ರ ಕೇಳಿಸಿತು. ಕೊನೆಗೆ ಕದಿರಮ್ಮನೇ ಮಾತಾಡಿದಳು. "ಇನ್ ಮ್ಯಾಲೆ ಯಾರಾದ್ರೂ ಸೊಂಟ ಹಿಡ್ಕಂಡ್ ಬಂದ್ರೆ, ಮೊದ್ಲು ಎಮ್ಮಾರೈ ಮಾಡಿಸ್ಕಂಡ್ ಬಾ ಅನ್ನು."

"ಹಂಗಂದ್ರೆ ಯಾರ್ ಬತ್ತಾರಕ್ಕ?"

"ಬರ್ದಿದ್ರೆ ಪಕ್ಕೆ ಉಳೀತದೆ. ಆ ಮೇಷ್ಟ್ರಿಗೆ ಮೊದ್ಲು ಹೇಳು."