ಬಕೆಟ್ಟಿಗೆ ನೀರು, ಗಿಡಕ್ಕೆ ಬತ್ತಿ

ಓಣಿಯವರಿಗೆ ಹೇಳದೆ ಊರು ಬಿಡುವ ಪ್ರಯತ್ನವನ್ನು ನಾವು ಗಂಡ ಹೆಂಡತಿ ಒಮ್ಮೆ ಮಾಡಿದ್ದೇವೆ. ಅದಕ್ಕೆ ಕಾರಣ ನಮ್ಮ ಮಾಳಿಗೆಯ ಮೇಲಿನ ಗಿಡಗಳು.

ಶಿಗ್ಗಾಂವದ ನಮ್ಮ ಮನೆಯ ಮೇಲೆ ನನ್ನ ಹೆಂಡತಿ ಗಿರಿಜಾ ಒಂದು ಹಸಿರುಮನೆ ಕಟ್ಟಿಸಿದ್ದಾಳೆ. ಕಬ್ಬಿಣದ ಪೈಪು, ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಹಸಿರು ಬಲೆ. ಒಳಗೆ ಆಂಥೂರಿಯಂ, ಬಿಗೋನಿಯಾ, ಜರಿಗಿಡ, ಹೀಗೆ ನಮ್ಮ ಬಿಸಿಲಿಗೆ ಸಂಬಂಧವೇ ಇಲ್ಲದ ಮಂದಿ. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಎಲೆಗಳು ಸೋತ ಅಭ್ಯರ್ಥಿಯ ಮುಖ ಮಾಡಿಕೊಂಡು ಜೋತು ಬೀಳುತ್ತವೆ. ಪತ್ರಿಕೆಯ ವರದಿಗಾರನಾಗಿ ಅಂಥ ಮುಖಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೀರು ಹಾಕುವವರಿಗೇನೂ ಬರವಿಲ್ಲ. ಹೋದ ವರ್ಷ ಸವಣೂರಿಗೆ ಮದುವೆಗೆ ಹೋದಾಗ ಎದುರು ಮನೆಯ ರಜಿಯಾಬಿಗೆ ಕೀಲಿ ಕೊಟ್ಟಿದ್ದೆವು. ರಜಿಯಾಬಿ ಬಟ್ಟೆ ಹೊಲಿಯುವವಳು, ಗಿರಿಜಾಳ ಜೀವದ ಗೆಳತಿ. ದಿನಾ ಬೆಳಿಗ್ಗೆ ಅವಳು ನೀರು ಹಾಕಿದಳು. ಮಧ್ಯಾಹ್ನ ಅವಳ ಅತ್ತೆ ಹಾಕಿದರು. ಹಪ್ಪಳ ಒಣಗಿಸಲು ನಮ್ಮ ಮಾಳಿಗೆ ಹತ್ತಿದ ಓಣಿಯ ಮತ್ತೊಬ್ಬರು, ಪಾಪ ಬಾಯಾರಿರಬೇಕೆಂದು, ಸಂಜೆ ಇನ್ನೊಂದು ಸುತ್ತು ಹಾಕಿದರು. ಅಳತೆ ಮಾಡಿ ನೀರು ಕೊಡುವ ರೂಢಿ ನಮ್ಮ ಕಡೆ ಇಲ್ಲ. ನಾವು ಮರಳುವಷ್ಟರಲ್ಲಿ ಅರ್ಧ ಗಿಡಗಳ ಬೇರು ಕೊಳೆತಿತ್ತು. ಪ್ರೀತಿ ಹೆಚ್ಚಾಗಿ ಸತ್ತ ಗಿಡಕ್ಕೆ ಯಾರನ್ನು ಬೈಯುವುದು? ಗಿರಿಜಾ ಅಂದಿನಿಂದ ಒಂದು ದಿನವೂ ಮನೆ ಬಿಟ್ಟು ಉಳಿಯಲಿಲ್ಲ.

ಈ ಬೇಸಿಗೆಯಲ್ಲಿ ಹಾನಗಲ್ಲಿನಿಂದ ಫೋನು ಬಂತು. ಅವಳ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಹೋಗಲೇಬೇಕು. ಗಿರಿಜಾ ಹಳೆಯ ಹತ್ತಿ ಸೀರೆಯೊಂದನ್ನು ಹರಿದು ಉದ್ದುದ್ದ ಬತ್ತಿ ಹೊಸೆದಳು. ನಡುವೆ ನೀರು ತುಂಬಿದ ಬಕೆಟ್ಟುಗಳು, ಸುತ್ತ ಇಟ್ಟಿಗೆಗಳ ಮೇಲೆ ತುಸು ಎತ್ತರದಲ್ಲಿ ಕುಂಡಗಳು. ಬತ್ತಿಯ ಒಂದು ತುದಿ ನೀರಿನಲ್ಲಿ, ಇನ್ನೊಂದು ಮಣ್ಣಿನಲ್ಲಿ.

ನಾನು ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ನೀರೆಂದರೆ ಕೆಳಗೆ ಹರಿಯುವಂಥದ್ದು ಎಂದು ಶಾಲೆಯಿಂದಲೂ ನಂಬಿದವನು ನಾನು. ಇಲ್ಲಿ ಅದು ಎಳೆಗಳ ಸಂದಿ ಹಿಡಿದು, ಯಾರೂ ದೂಡದೆ, ಮೇಲಕ್ಕೆ ಹತ್ತುತ್ತಿತ್ತು. ಹಣತೆಯಲ್ಲಿ ಎಣ್ಣೆ ಉರಿಯ ತನಕ ಏರುವುದೂ ಹೀಗೆಯೇ. ದಿನಾ ದೀಪ ಹಚ್ಚುವ ಮನೆಯಲ್ಲಿದ್ದೂ ಅದನ್ನು ನಾನು ಸುದ್ದಿ ಎಂದುಕೊಂಡಿರಲಿಲ್ಲ. ಮಣ್ಣು ಒಣಗಿದರೆ ಬತ್ತಿ ನೀರು ಕೊಡುತ್ತದೆ, ತೇವವಿದ್ದರೆ ಸುಮ್ಮನಿರುತ್ತದೆ. ಇಷ್ಟು ಸಂಯಮದ ಉಪಸಂಪಾದಕನನ್ನು ನಾನು ಕಂಡಿಲ್ಲ.

"ಈ ಸಲ ಯಾರಿಗೂ ಹೇಳೂದು ಬ್ಯಾಡ್ರಿ," ಎಂದಳು ಗಿರಿಜಾ. ಚೀಲ ಹಿಡಿದು ಮೆಲ್ಲಗೆ ಗೇಟು ತೆರೆದೆವು. ಎದುರಿಗೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು.

"ಏನಕ್ಕಾ, ಕಳ್ಳರಂಗ ಹೊಂಟೀರಿ? ಕೀಲಿ ಯಾರ ಕಡೆ ಕೊಟ್ರಿ?"

ಗಿರಿಜಾ ಒಂದು ಗಳಿಗೆ ಮಾಳಿಗೆಯತ್ತ ನೋಡಿದಳು, ಒಂದು ಗಳಿಗೆ ರಜಿಯಾಬಿಯ ಮುಖ ನೋಡಿದಳು. ಆಮೇಲೆ ಸೊಂಟದಿಂದ ಕೀಲಿ ತೆಗೆದಳು. "ಕುಂಡದಾಗ ಒಂದ್ ಹನಿ ನೀರೂ ಹಾಕಬ್ಯಾಡವಾ. ಬಕೆಟಿಗೆ ಹಾಕು. ಎಷ್ಟ ಬೇಕಾದ್ರೂ ಹಾಕು."

"ಬಕೆಟಿಗ್ಯಾಕ್ರಿ? ಅದೇನ್ ಹೂ ಬಿಡ್ತೈತೇನು?"

ನಾಲ್ಕು ದಿನಕ್ಕೆಂದು ಹೋದವರು ವಾರಗಟ್ಟಲೆ ಉಳಿದೆವು. ಅಕ್ಕನನ್ನು ಹಾಗೇ ಬಿಟ್ಟು ಬರುವಂತಿರಲಿಲ್ಲ. ಗಿರಿಜಾ ಅಂಜುತ್ತಲೇ ಫೋನು ಮಾಡಿದರೆ ರಜಿಯಾಬಿ, "ನೀವು ಅಕ್ಕಾರ ಕಾಲ್ ನೋಡ್ಕೋರಿ. ನಿಮ್ಮ ಬಕೆಟ್ ಮಸ್ತ್ ಅದಾವು, ಮೊಗ್ಗ ಅಷ್ಟ ಬಿಟ್ಟಿಲ್ಲ," ಎಂದಳು.

ಮರಳಿ ಬಂದು ಹಸಿರುಮನೆಯ ಬಾಗಿಲು ತೆರೆದಾಗ ನೆಲವೆಲ್ಲ ನೀರು. ಅತ್ತೆ, ಸೊಸೆ, ಹಪ್ಪಳದವರು, ಎಲ್ಲರೂ ತಮ್ಮ ತಮ್ಮ ಪಾಲಿನ ಪ್ರೀತಿಯನ್ನು ಬಕೆಟ್ಟಿಗೆ ಸುರಿದಿದ್ದರು. ಅದು ತುಳುಕಿ ಮೋರಿ ಸೇರಿತ್ತು. ಗಿಡಗಳು ಮಾತ್ರ ತಮಗೆ ಬೇಕಾದಷ್ಟೇ ಕುಡಿದು ನೆಟ್ಟಗೆ ನಿಂತಿದ್ದವು.

"ಹೆಂಗೈತ್ರಿ ನನ್ನ ಕೈಗುಣ?" ಎಂದಳು ನಮ್ಮ ಹಿಂದೆಯೇ ಮಾಳಿಗೆ ಹತ್ತಿ ಬಂದ ರಜಿಯಾಬಿ.

"ಆದ್ರ ಆ ಬತ್ತಿ..." ಎಂದು ನಾನು ಬಾಯಿ ತೆರೆದೆ. ಗಿರಿಜಾ ನೋಡಿದ ನೋಟಕ್ಕೆ ಮುಚ್ಚಿದೆ.

"ನಿನ್ನ ಕೈಗುಣದಿಂದನ ಉಳದಾವ ಬಿಡವಾ," ಎಂದಳು ಅವಳು.

ಅದು ಮುಖಸ್ತುತಿ ಎಂದುಕೊಂಡಿದ್ದೆ. ಆಮೇಲೆ ಯೋಚಿಸಿದರೆ ಗಿರಿಜಾಳ ವರದಿ ಸರಿಯಾಗಿಯೇ ಇತ್ತು. ನಾವು ತುಂಬಿಸಿಟ್ಟ ನೀರು ಆ ಬಿಸಿಲಿಗೆ ಒಂದು ವಾರವೂ ಬಾಳುತ್ತಿರಲಿಲ್ಲ. ಬತ್ತಿಗೆ ನೀರಿನ ಹದ ಗೊತ್ತು. ಕೊಡ ಹೊತ್ತು ಮೆಟ್ಟಿಲು ಹತ್ತುವುದು ಗೊತ್ತಿಲ್ಲ.