ತಂಗಿಯ ಕಾರಿನ ಎರಡನೇ ಗೇರು

ನನ್ನ ಶೆಡ್ಡಿಗೆ ಬಂದ ಆಟೋಮ್ಯಾಟಿಕ್ ಗಾಡಿ ಯಾವುದೂ ಗೇರು ಬೀಳುವಾಗ ಒದೆಯೋದು ನಿಲ್ಲಿಸದೆ ವಾಪಸ್ ಹೋಗಿಲ್ಲ ಅಂತ ನಾನು ಸಿಕ್ಕಸಿಕ್ಕವರ ಹತ್ರ ಹೇಳ್ಕೊಂಡು ತಿರುಗ್ತಿದ್ದ ಕಾಲ ಅದು. ಸುಳ್ಳೇನೂ ಅಲ್ಲ. ನಂಜನಗೂಡಿನಿಂದ ದೇವನೂರಿಗೆ ಹೋಗೋ ರಸ್ತೆ ಪಕ್ಕದಲ್ಲಿ ನನ್ನ ಶೆಡ್ಡು. ಡಿಪ್ಲೊಮಾ ಇಲ್ಲ, ಐಟಿಐ ಇಲ್ಲ, ಹತ್ತನೇ ಕ್ಲಾಸು ಪಾಸಾಗಿದ್ದು ಎರಡನೇ ಸಲಕ್ಕೆ. ಟ್ರ್ಯಾಕ್ಟರ್ ರಿಪೇರಿಯಿಂದ ಶುರು ಮಾಡಿ, ನೋಡ್ತಾ ನೋಡ್ತಾ ಕಲಿತು, ಕೊನೆಗೆ ಮೈಸೂರಿನ ದೊಡ್ಡ ಗ್ಯಾರೇಜಿನೋರೇ ಫೋನ್ ಮಾಡಿ ಕೇಳೋ ಹಂಗೆ ಬೆಳೆದೋನು ನಾನು. ಕೊಬ್ಬು ಬರದೆ ಇರುತ್ತಾ?

ಆ ಹೆಸರು ತಂದುಕೊಟ್ಟಿದ್ದು ಟ್ಯೂನರ್ ಅನ್ನೋ ಒಂದು ಅಂಗೈಯಗಲದ ಡಬ್ಬಿ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಅದರ ವೈರ್ ಚುಚ್ಚಿ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ ಕೊಟ್ಟರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಬಾಯಿ ಬಿಡುತ್ತೆ. ಒಂದರಿಂದ ಎರಡನೇ ಗೇರಿಗೆ, ಎರಡರಿಂದ ಮೂರಕ್ಕೆ ಹೋಗುವಾಗ ಎಷ್ಟು ಬಿಗಿಯಾಗಿ ಬೀಳಬೇಕು, ಎಷ್ಟು ಮೆತ್ತಗೆ ಬೀಳಬೇಕು ಅಂತ ಒಂದೊಂದಕ್ಕೂ ಬೇರೆ ಬೇರೆ ಹೇಳಬಹುದು. ತೀರಾ ಬಿಗಿ ಮಾಡಿದ್ರೆ ಸೊಂಟಕ್ಕೆ ಒದ್ದಂಗೆ ಆಗುತ್ತೆ. ತೀರಾ ಮೆತ್ತಗೆ ಮಾಡಿದ್ರೆ ಒಳಗಿನ ಪ್ಲೇಟುಗಳು ಸರಿಯಾಗಿ ಹಿಡಿಯದೆ ಜಾರಿ ಜಾರಿ ಸುಟ್ಟು ಹೋಗ್ತವೆ. ಈ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕೆಲಸ. ಹೆಡತಲೆ ಕಡೆಯ ಒಬ್ಬ ಬೆಲ್ಲದ ವ್ಯಾಪಾರಿ ಬಂದು, ಗೇರು ಬಿದ್ದರೆ ಕತ್ತು ಹಿಂದಕ್ಕೆ ಹೋಗಬೇಕು, ಪುಲ್ಲಿಂಗ್ ಅಂದ್ರೆ ಅದು ಅಂತ ಹಠ ಹಿಡಿದ. ಬೇಡ ಅಂದ್ರೂ ಕೇಳಲಿಲ್ಲ, ಹಂಗೇ ಮಾಡಿಕೊಟ್ಟೆ. ಮೂರೇ ದಿನಕ್ಕೆ ಕತ್ತು ಹಿಡ್ಕೊಂಡು ವಾಪಸ್ ಬಂದ, ಮೊದಲಿನ ಹಾಗೆ ಮಾಡಿಕೊಡಿ ಅಂತ.

ಇಷ್ಟೆಲ್ಲ ಗೊತ್ತಿದ್ದ ನಾನು ನನ್ನ ಸ್ವಂತ ತಂಗಿಯ ಕಾರಿನ ಮುಂದೆ ಮಣ್ಣು ಮುಕ್ಕಿದ್ದೆ.

ತಂಗೀನ ಕೊಟ್ಟಿರೋದು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಗೆ. ಆರೋಗ್ಯ ಇಲಾಖೆಯಲ್ಲಿ ನರ್ಸು. ಊರೂರು ತಿರುಗಿ ಬಸುರಿಯರನ್ನ ನೋಡೋದು, ಮಕ್ಕಳಿಗೆ ಲಸಿಕೆ ಹಾಕೋದು ಅವಳ ಕೆಲಸ. ಸ್ಕೂಟರಿನಿಂದ ಬಿದ್ದು ಎಡ ಮಂಡಿಗೆ ಪ್ಲೇಟ್ ಹಾಕಿಸಿಕೊಂಡ ಮೇಲೆ ಆ ಕಾಲಲ್ಲಿ ಕ್ಲಚ್ ತುಳಿಯೋಕೆ ಆಗಲ್ಲ. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಡೀಸೆಲ್ ಕಾರು ಹುಡುಕಿ ಕೊಡಿಸಿದ್ದೆ. ಎರಡು ವರ್ಷ ಅದು ತಕರಾರಿಲ್ಲದೆ ಓಡಿತ್ತು. ಆಮೇಲೆ ನಾಲೆ ಆಚೆಯ ಎರಡು ಹಳ್ಳಿಗಳನ್ನೂ ಅವಳ ಲಿಸ್ಟಿಗೆ ಸೇರಿಸಿದರು. ಅದಾಗಿ ತಿಂಗಳೊಪ್ಪತ್ತಿಗೆ ಕಾರು ಒದೆಯೋಕೆ ಶುರುವಾಯ್ತು. ಒಂದು ದಿನ ನಾಲೆ ಏರಿ ಇಳಿದ ಮೇಲೆ ದಢ್ ಅಂತ ಎಷ್ಟು ಜೋರಾಗಿ ಎಳೀತು ಅಂದ್ರೆ, ಇವಳು ಗಾಬರಿಯಾಗಿ ಸ್ಟೇರಿಂಗ್ ತಿರುಗಿಸಿ, ಕಾರು ಹೋಗಿ ಭತ್ತದ ಗದ್ದೆ ಬದುವಿನ ಮೇಲೆ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಅವತ್ತು ಅವಳ ಗಂಡ ಪಟ್ಟು ಹಿಡಿದ. ನಮ್ಮ ಭಾವ ಕೆಟ್ಟೋನಲ್ಲ. ಎರಡು ಎಕರೆ ಗದ್ದೆ, ನಾಲ್ಕು ಹಸು, ಡೈರಿಗೆ ಹಾಲು, ಹೆಚ್ಚು ಮಾತಿಲ್ಲ. ಆದರೆ ಹೆದರಿಬಿಟ್ಟಿದ್ದ. ಕಾರು ಮಾರಿ, ಉಳಿದ ಹತ್ತು ವರ್ಷದ ಸರ್ವಿಸು ಹಾಳಾಗಿ ಹೋಗಲಿ, ಕೆಲಸ ಬಿಟ್ಟು ಮನೇಲಿರು ಅಂತ ಒಂದೇ ಸಮನೆ ಹೇಳ್ತಿದ್ದ. ಆ ಹಳ್ಳಿಗಳಿಗೆ ಬಸ್ಸು ಹೋಗೋದು ಬೆಳಿಗ್ಗೆ ಒಂದು, ಸಂಜೆ ಒಂದು. ಕಾರಿಲ್ಲದೆ ಅವಳ ಕೈಲಿ ಆ ಕೆಲಸ ಆಗಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ತಂಗಿ ನನಗೆ ಫೋನ್ ಮಾಡಿದ್ಲು.

"ಅಣ್ಣಾ, ಒದೆಯೋದನ್ನ ನಿಲ್ಸು. ಇಲ್ದಿದ್ರೆ ನಾನು ಮನೇಲಿ ಕೂರಬೇಕಾಯ್ತದೆ."

ಇಷ್ಟೇನಾ, ತಗೊಂಡು ಬಾ ಅಂದೆ. ಬಂದ್ಲು. ನಾನು ಓಡಿಸ್ತೀನಿ, ನನ್ನ ಪಕ್ಕ ಕೂತು ಒಂದು ರೌಂಡ್ ನೋಡು ಅಂದ್ಲು. ನಾನು ಕೂತು ನೋಡೋದು ಏನಿದೆ, ಎಲ್ಲಾ ಡಬ್ಬಿ ಹೇಳುತ್ತೆ ಅಂತ ಅವಳನ್ನ ಶೆಡ್ಡಿನ ಬೆಂಚಿನ ಮೇಲೆ ಕೂರಿಸಿದೆ. ಕಾರಿನ ಒಳಗಿದ್ದ ಕಂಪನಿ ಸೆಟ್ಟಿಂಗನ್ನ ಮೊದಲು ಲ್ಯಾಪ್‌ಟಾಪಿಗೆ ತೆಗೆದಿಟ್ಟೆ, ಅದೊಂದು ಬುದ್ಧಿ ಇತ್ತು. ಆಮೇಲೆ ಎರಡನೇ ಗೇರನ್ನ ಎರಡು ಹಂತ ಮೆತ್ತಗೆ ಮಾಡಿ, ನಾನೇ ಕಪಿಲಾ ಸೇತುವೆವರೆಗೂ ಓಡಿಸಿಕೊಂಡು ಬಂದೆ. ಬೆಣ್ಣೆ ಥರ ಹೋಯ್ತು. ಹೋಗಮ್ಮ, ನಿನ್ನ ಗಂಡನಿಗೆ ಹೇಳು, ಅಣ್ಣ ಮುಟ್ಟಿದಾನೆ ಅಂತ ಅಂದು ಕಳಿಸಿದೆ.

ನಾಲ್ಕೇ ದಿನಕ್ಕೆ ವಾಪಸ್. ಇನ್ನೂ ಒದೀತದೆ. ಮತ್ತೆ ಮೆತ್ತಗೆ ಮಾಡಿದೆ. ವಾರ ಬಿಟ್ಟು ಮತ್ತೆ ಬಂದ್ಲು. ಆ ಸಲ ನಾನೇ ಓಡಿಸಿ ನೋಡಿದೆ. ಏರು ಹತ್ತುವಾಗ ಇಂಜಿನ್ ಕೂಗ್ತಾ ಇದೆ, ಗಾಡಿ ಮುಂದೆ ಹೋಗ್ತಾ ಇಲ್ಲ. ಗೇರ್‌ಬಾಕ್ಸಿನ ಎಣ್ಣೆ ತೆಗೆದು ಮೂಸಿದೆ, ಸೀದ ವಾಸನೆ. ಮೆತ್ತಗೆ ಮಾಡೋಕೆ ಹೋಗಿ ನಾನೇ ಪ್ಲೇಟುಗಳನ್ನ ಸುಡ್ತಾ ಇದ್ದೆ! ಯಾರಿಗೂ ಹೇಳಲಿಲ್ಲ. ಬೇರೆಯೋರ ಶೆಡ್ಡಿನಲ್ಲಿ ಹಿಂಗಾಗಿದ್ದರೆ ಊರೆಲ್ಲ ಸಾರಿ ನಗ್ತಿದ್ದೆ. ಅಷ್ಟು ಹೊತ್ತಿಗೆ ಭಾವ ಒಂದು ಗಿರಾಕೀನೂ ಹುಡುಕಿದ್ದ. ಮುಂದಿನ ಭಾನುವಾರ ಗಾಡಿ ನೋಡೋಕೆ ಬರ್ತಾನೆ ಅಂತ ತಂಗಿ ಅಂದ್ಲು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ, ನನ್ನ ಮುಖಾನೇ ನೋಡ್ತಾ ನಿಂತಿದ್ಲು. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಸೆಟ್ಟಿಂಗನ್ನ ಒಂದಿಷ್ಟು ಬಿಗಿ ಮಾಡಿ, ಡಬ್ಬೀನ ಕಾರಿನಲ್ಲೇ ಬಿಟ್ಟೆ. ಅದಕ್ಕೆ ರೆಕಾರ್ಡ್ ಮಾಡೋ ಗುಣವೂ ಇದೆ. ಯಾವ ವೇಗದಲ್ಲಿ ಯಾವ ಗೇರು, ಗೇರಿನ ಲಿವರ್ ಎಲ್ಲಿದೆ, ಎಲ್ಲಾ ಬರ್ಕೊಂಡಿರುತ್ತೆ. ಶುಕ್ರವಾರ ತಂಗಿ ಭಾವನ ಕೈಲಿ ಆ ಡಬ್ಬಿ ಕಳಿಸಿಕೊಟ್ಲು. ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡ್ತೀನಿ, ದಿನಾ ಎರಡು ಸಲ, ಐವತ್ತರ ವೇಗದಲ್ಲಿ ಗಾಡಿ ಓಡ್ತಾ ಇರುವಾಗ, ಲಿವರು ನ್ಯೂಟ್ರಲ್ಲಿಗೆ ಹೋಗಿದೆ. ಅರ್ಧ ನಿಮಿಷ ಬಿಟ್ಟು ಮತ್ತೆ ಗೇರಿಗೆ ಬಿದ್ದಿದೆ. ಬಿದ್ದ ಕ್ಷಣವೇ ಒದೆ. ಓಡೋ ಗಾಡೀಲಿ ಆಟೋಮ್ಯಾಟಿಕ್ ಗೇರನ್ನ ಹಿಂಗೆ ತೆಗೆದು ಹಾಕಿದ್ರೆ ಯಾವ ಗೇರ್‌ಬಾಕ್ಸು ತಾನೆ ಒದೆಯದೆ ಇರುತ್ತೆ?

ಮೈಯೆಲ್ಲಾ ಉರಿದು ಹೋಯ್ತು. ಇದು ಭಾವನದೇ ಕೆಲಸ, ಡೈರಿಗೆ ಹಾಲು ಹಾಕೋಕೆ ಕಾರು ತಗೊಂಡು ಹೋಗಿ ಹಾಳು ಮಾಡಿ, ಆಮೇಲೆ ಮಾರು ಅಂತಾನೆ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಶನಿವಾರ ಬೆಳಿಗ್ಗೆ ತಿಂಡೀನೂ ತಿನ್ನದೆ ಹೆಮ್ಮಿಗೆಗೆ ಹೋದೆ. ಅವನು ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕ್ತಿದ್ದ. ಬಾಯಿಗೆ ಬಂದಂಗೆ ಬೈದೆ. ಕೆಲಸ ಮಾಡೋ ಹೆಂಡತಿ ಮೇಲೆ ಹೊಟ್ಟೆಕಿಚ್ಚಾ ನಿನಗೆ ಅಂತಾನೂ ಅಂದುಬಿಟ್ಟೆ. ಪಕ್ಕದ ಮನೆಯೋರು ಬೇಲಿ ಹತ್ರ ಬಂದು ನಿಂತರು. ಅವನು ಹುಲ್ಲಿನ ಕಂತೆ ಎದೆಗೆ ಹಿಡ್ಕೊಂಡು ನಿಂತು ಎಲ್ಲಾ ಕೇಳಿಸ್ಕೊಂಡ. ಆಮೇಲೆ, ಆ ಗೇರು ಎತ್ತಾಗೆ ತಿರುಗ್ತದೆ ಅಂತಾನೂ ನಂಗೊತ್ತಿಲ್ಲ, ಹಾಲು ನಾನು ಮೊಪೆಡ್ಡಲ್ಲಿ ಒಯ್ತೀನಿ ಅಂದ.

ತಂಗಿ ಕೈ ಒರೆಸ್ಕೊಳ್ತಾ ಈಚೆಗೆ ಬಂದ್ಲು.

"ಅವರನ್ನ ಯಾಕೆ ಬೈತೀಯ? ಹಾಕೋಳು ನಾನು. ಇಳಿಜಾರು ಬಂದ್ರೆ ನ್ಯೂಟ್ರಲ್ ಹಾಕು, ಡೀಸೆಲ್ ಉಳೀತದೆ ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಹೌದು, ನಾನೇ. ಅವಳಿಗೆ ಹತ್ತೊಂಬತ್ತು, ನನಗೆ ಇಪ್ಪತ್ತಮೂರು. ಹೆಣ್ಣುಮಗಳಿಗೆ ಟ್ರ್ಯಾಕ್ಟರ್ ಯಾಕೆ ಅಂತ ಮನೆಯೋರೆಲ್ಲ ಬೈದ್ರೂ ಕೇಳದೆ ನಮ್ಮಪ್ಪನ ಟ್ರ್ಯಾಕ್ಟರ್ ಮೇಲೆ ಅವಳನ್ನ ಕೂರಿಸಿ ಕಲಿಸಿದ್ದೆ. ನಮ್ಮ ಕಡೆ ಈ ನ್ಯೂಟ್ರಲ್ ಹಾಕೋದು ಎಲ್ಲರಿಗೂ ಬಂದ ಚಾಳಿ. ಟ್ರ್ಯಾಕ್ಟರಿನೋನು ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ತಾನೆ, ಮೊಪೆಡ್ಡಿನೋನು ಇಂಜಿನ್ನೇ ಆಫ್ ಮಾಡ್ತಾನೆ. ಕೇಳಿದ್ರೆ ಜಾಣತನ ಅಂತಾರೆ. ನಾನೂ ಅದನ್ನೇ ಒಂದು ದೊಡ್ಡ ವಿದ್ಯೆ ಅನ್ನೋ ಹಾಗೆ ಅವಳ ಕೈಗೆ ಹಾಕಿಕೊಟ್ಟಿದ್ದೆ. ಹಳೇ ದಾರಿ ಎಲ್ಲಾ ಗದ್ದೆ ಬಯಲು, ಇಳಿಜಾರೇ ಇರಲಿಲ್ಲ, ಎರಡು ವರ್ಷ ಕಾರು ಬಚಾವಾಗಿತ್ತು. ನಾಲೆ ಆಚೆಯ ಹಳ್ಳಿ ಸೇರಿದ ಮೇಲೆ ದಿನಾ ಹೋಗ್ತಾ ಬರ್ತಾ ಏರಿ ಇಳೀಬೇಕಾಯ್ತು. ಮತ್ತೆ ಗೇರಿಗೆ ಹಾಕಿದಾಗ ಬೀಳೋ ಒದೆಯೇ ಗಾಡಿಯ ಕಾಯಿಲೆ ಅಂತ ಅವಳು ತಿಳ್ಕೊಂಡಿದ್ಲು. ಪಕ್ಕ ಕೂತು ನೋಡು ಅಂತ ಮೊದಲನೇ ದಿನವೇ ಕೇಳಿದ್ಲು. ಕೂತಿದ್ದರೆ ಒಂದೇ ಇಳಿಜಾರಿಗೆ ಗೊತ್ತಾಗ್ತಿತ್ತು.

ತಪ್ಪಾಯ್ತು ಭಾವ ಅಂದೆ. ಬೇಲಿ ಹತ್ರ ನಿಂತವರಿಗೂ ಕೇಳೋ ಹಾಗೆ ಅಂದೆ, ಬೈದಿದ್ದು ಅವರಿಗೂ ಕೇಳಿಸಿತ್ತಲ್ಲ. ಓಗ್ಲಿ ಬುಡಿ, ತಿಂಡಿ ತಿನ್ನಿ ಅಂದ ಅವನು. ಆದರೆ ಗಿರಾಕಿ ನಾಳೆ ಬರೋದು ಬರೋದೇ, ಮಾತು ಕೊಟ್ಟಾಗಿದೆ ಅಂತಾನೂ ಅಂದ.

ಆ ಮಧ್ಯಾಹ್ನವೇ ತಂಗಿ ಜೊತೆ ಕಾರನ್ನ ನಂಜನಗೂಡಿಗೆ ತಂದು, ಹಳೇ ಎಣ್ಣೆ ಪೂರ್ತಿ ಇಳಿಸಿ ಹೊಸದು ತುಂಬಿಸಿದೆ. ಪ್ಲೇಟುಗಳಿಗೆ ಇನ್ನೂ ಜೀವ ಇತ್ತು. ತೆಗೆದಿಟ್ಟಿದ್ದ ಕಂಪನಿ ಸೆಟ್ಟಿಂಗ್ ವಾಪಸ್ ಹಾಕಿ, ಎರಡನೇ ಗೇರನ್ನ ಮಾತ್ರ ಅದಕ್ಕಿಂತ ಒಂದೇ ಒಂದು ಹಂತ ಬಿಗಿ ಮಾಡಿದೆ, ಸವೆದ ಪ್ಲೇಟು ಗಟ್ಟಿಯಾಗಿ ಹಿಡೀಲಿ ಅಂತ. ಹೊಸ ಸೆಟ್ಟಿಂಗ್ ಹಾಕಿದ ಮೇಲೆ ಗೇರ್‌ಬಾಕ್ಸು ಮತ್ತೆ ಕಲೀಬೇಕು, ಅದಕ್ಕೆ ಒಂದಷ್ಟು ದೂರ ನಿಧಾನವಾಗಿ ಓಡಿಸಬೇಕು. ಈ ಸಲ ಸ್ಟೇರಿಂಗ್ ಹಿಡಿದಿದ್ದು ತಂಗಿ, ಪಕ್ಕದಲ್ಲಿ ಕೂತಿದ್ದು ನಾನು.

ಹೆಮ್ಮಿಗೆ ದಾಟಿಸಿ ನಾಲೆ ಏರಿಗೆ ಹೋದ್ವಿ. ಇಳಿಜಾರು ಬಂದ ತಕ್ಷಣ ಅವಳ ಎಡಗೈ ತಾನಾಗೇ ಲಿವರ್ ಮೇಲೆ ಬಂತು. ಬಿಡು ಅಂದೆ. ತೆಗೆದ್ಲು. ತಿರುಗಿಸಿಕೊಂಡು ಬಂದ್ವಿ, ಮತ್ತೆ ಕೈ ಬಂತು. ಮತ್ತೆ ಬಿಡು ಅಂದೆ. ಎಷ್ಟು ಸಲ ಏರಿ ಹತ್ತಿ ಇಳಿದ್ವೋ ಲೆಕ್ಕ ಇಡಲಿಲ್ಲ. ನನ್ನ ಮೇಲೆ ರೇಗಿದ್ಲು, ಬೈದ್ಲು, ಕಲಿಸೋದೂ ನೀನೇ, ಮರೆಸೋದೂ ನೀನೇ ಅಂದ್ಲು. ಮೂವತ್ತು ವರ್ಷದ ಅಭ್ಯಾಸ ಒಂದು ಸಂಜೇಲಿ ಬಿಡು ಅಂದ್ರೆ ಸುಮ್ನೇನಾ? ನನ್ನ ಕೈಲಂತೂ ಆಗ್ತಿರಲಿಲ್ಲ. ಕೊನೆಗೆ ಅವಳು ಎಡಗೈಯನ್ನ ತೊಡೆ ಕೆಳಗೆ ಇಟ್ಕೊಂಡು ಅದರ ಮೇಲೇ ಕೂತು, ಒಂದೇ ಕೈಲಿ ಇಳಿಸಿದ್ಲು. ಗಾಡಿ ತಾನೇ ಗೇರು ಇಳಿಸ್ಕೊಂಡು ಸದ್ದಿಲ್ಲದೆ ಏರಿಯ ಬುಡಕ್ಕೆ ಬಂತು. ಮುಂದಕ್ಕೆ ಹೋಗುವಾಗ ಎರಡನೇ ಗೇರು ಬಿದ್ದಿದ್ದು ಬೆನ್ನಿಗೆ ಮೆಲ್ಲಗೆ ತಟ್ಟಿದಷ್ಟು ಮಾತ್ರ ಗೊತ್ತಾಯ್ತು. ಆಮೇಲಿನ ನಾಲ್ಕೈದು ಸಲ ಕೈ ಸ್ಟೇರಿಂಗ್ ಬಿಟ್ಟು ಅಲ್ಲಾಡಲಿಲ್ಲ. ಅವತ್ತು ನನ್ನ ತಂಗಿ ಮೇಲೆ ನನಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ, ಕಣ್ಣಲ್ಲಿ ನೀರು ಬಂದು ಕಿಟಕಿ ಆಚೆ ಕಬ್ಬಿನ ಗದ್ದೆ ನೋಡೋ ಹಾಗೆ ಮಾಡಿದೆ.

ಭಾನುವಾರ ಹತ್ತು ಗಂಟೆ ಬಸ್ಸಿಗೆ ಗಿರಾಕಿ ಬಂದ. ಟಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರೋನು. ಒಳ್ಳೆ ಮನುಷ್ಯ, ವಿನಯವಾಗಿ ಮಾತಾಡ್ತಿದ್ದ. ಗಾಡೀನ ಒಂದು ಸುತ್ತು ಹಾಕಿ ನೋಡಿ, ಓಡಿಸಿ ನೋಡಬಹುದಾ ಅಂದ. ನಾನೇ ಓಡಿಸಿ ತೋರಿಸ್ತೀನಿ ಕೂತ್ಕೊಳ್ಳಿ ಅಂದ್ಲು ತಂಗಿ. ಗದ್ದೆ ಬದುವಿಗೆ ಹೋದ ದಿನದಿಂದ ಭಾವ ಆ ಕಾರಿನೊಳಗೆ ಕೂತೇ ಇರಲಿಲ್ಲ. ಅವತ್ತು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಮೇಲಿನ ಹಿಡಿಯನ್ನ ಎರಡೂ ಕೈಲಿ ಹಿಡ್ಕೊಂಡಿದ್ದ.

ಅವಳು ಸೀದಾ ನಾಲೆ ಏರಿಗೆ ಓಡಿಸಿದ್ಲು. ಹತ್ತಿಸಿದ್ಲು, ಇಳಿಸಿದ್ಲು. ಗದ್ದೆ ಬದುವಿನ ಜಾಗ ದಾಟುವಾಗ ಭಾವ ಉಸಿರು ಬಿಗಿ ಹಿಡಿದಿದ್ದು ನನಗೆ ಗೊತ್ತಾಯ್ತು. ದಾಟಿದ ಮೇಲೆ ಒಂದು ಕೈ ಕೆಳಗಿಳಿಸಿದ. ಸ್ವಲ್ಪ ದೂರಕ್ಕೆ ಇನ್ನೊಂದನ್ನೂ ಇಳಿಸಿದ.

ಮನೆ ಮುಂದೆ ನಿಲ್ಲಿಸಿದಾಗ ಗಿರಾಕಿಗೆ ಖುಷಿಯೋ ಖುಷಿ. ಗೇರು ಬಿದ್ದಿದ್ದೇ ಗೊತ್ತಾಗಲ್ಲ ಕಣ್ರೀ, ನನಗೆ ಒಪ್ಪಿಗೆ ಅಂದ.

ತಂಗಿ ಕೀ ತೆಗೆದು ಕೈಯಲ್ಲೇ ಇಟ್ಕೊಂಡ್ಲು. "ಚೆನ್ನಾಗಿದೆ ಅಂತ ತೋರಿಸೋಕೆ ಕರ್ಕೊಂಡೋದೆ ಸಾ. ಕೊಡೋಕಲ್ಲ."

ಗಿರಾಕಿ ಭಾವನ ಮುಖ ನೋಡಿದ. ನಾನೂ ನೋಡಿದೆ. ಮಾತು ಕೊಟ್ಟೋನು ಅವನು. ಭಾವ ಕಾರಿನ ಬಾಗಿಲು ಮೆಲ್ಲಗೆ ಹಾಕಿ, ಕತ್ತು ಕೆರ್ಕೊಂಡು, ನೀವೇ ನೋಡುದ್ರಲ್ಲ ಸಾ, ಇಂಥ ಗಾಡಿ ಯಾರು ಮಾರ್ತಾರೆ, ಕಾಪಿ ಕುಡ್ಕೊಂಡು ಓಗಿ ಅಂದ.

ಅಷ್ಟರಲ್ಲಿ ವಾಪಸ್ ಹೋಗೋ ಬಸ್ಸು ತಪ್ಪಿಹೋಗಿತ್ತು. ಬನ್ನಿ ಸಾ, ನರಸೀಪುರಕ್ಕೆ ಬಿಡ್ತೀನಿ ಅಂತ ತಂಗಿಯೇ ಅವನನ್ನ ಕೂರಿಸ್ಕೊಂಡ್ಲು. ಮಾರದೆ ಇದ್ದ ಕಾರಿನಲ್ಲೇ ಗಿರಾಕೀನ ಊರಿಗೆ ಮುಟ್ಟಿಸೋ ಧೈರ್ಯ ನಮ್ಮ ವಂಶದಲ್ಲಿ ಅವಳೊಬ್ಬಳಿಗೇ ಇರೋದು. ನಾನೂ ಜೊತೆಗೆ ಹೋದೆ. ಬಸ್ ಸ್ಟ್ಯಾಂಡ್ ಹತ್ರ ಇಳಿದು, ಅವನು ನನ್ನ ಕಡೆ ಕಿಟಕಿಗೆ ಬಗ್ಗಿದ. ನೀವೇ ಅಲ್ವಾ ನಂಜನಗೂಡಿನ ಗೇರ್‌ಬಾಕ್ಸಿನೋರು, ಈ ಗಾಡಿಗೆ ಅದೇನು ಮಾಡಿದ್ರಿ ಹೇಳಿ ಅಂತ ಕೇಳಿದ.

ಹತ್ತು ನಿಮಿಷ ನಿಲ್ಲಿಸಿ ಹೇಳ್ತಿದ್ದೆ ನಾನು, ಬೇರೆ ದಿನ ಆಗಿದ್ದರೆ.

"ನಾನೇನೂ ಮಾಡಿಲ್ಲ ಸಾ," ಅಂದೆ. "ಓಡಿಸೋಳು ಅವಳು."